ಮಧುರಾಳ ಮನಃಶಾಸ್ತ್ರ
ತೊಂಬತ್ತೆಂಟರಲ್ಲಿ ಮಧುರಾ ಸಿರ್ಸಿಯ ಕಾಲೇಜಿನಲ್ಲಿ ಮನಃಶಾಸ್ತ್ರ ಓದತೊಡಗಿದ ಮೇಲೆ, ಸಿದ್ದಾಪುರದ ಬಸ್ಸಿನಲ್ಲಿ ಯಾರೂ ನೆಮ್ಮದಿಯಾಗಿ ಆಕಳಿಸುವಂತಿರಲಿಲ್ಲ. ಕಂಡಕ್ಟರ್ ರೇಗಿದರೆ ಅದು ಬಾಲ್ಯದ ಗಾಯ, ಚಿಕ್ಕಮ್ಮ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡಿದರೆ ಗೀಳು, ನೆಂಟರ ಕೂಸು ಹೆಬ್ಬೆರಳು ಚೀಪಿದರೆ ಮೆದುಳಿನ ಚಿತ್ರವನ್ನೇ ಬರೆದು ತೋರಿಸುವಳು. ಸದಾ ನಗಿಸುವ ಗೆಳತಿ ರಮ್ಯಶ್ರೀಗೆ ಮಾತ್ರ, "ನಿಂಗೆ ಎಂತದೂ ಇಲ್ಲೆ ಬಿಡೆ" ಎಂದಿದ್ದಳು. ಅದೇ ರಮ್ಯಶ್ರೀ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಸುಲಿಯುತ್ತ, "ಎಂಗೆ ಬದ್ಕದೇ ಬ್ಯಾಡ ಅನಿಸ್ತು" ಎಂದಳು. ಮಧುರಾ ಮನಃಶಾಸ್ತ್ರದ ಪುಸ್ತಕವನ್ನು ಬದಿಗಿಟ್ಟಳು. ಗೆಳತಿಯ ಕೈ ಹಿಡಿದು, "ಹೇಳೇ, ಆನು ಎಲ್ಲೂ ಹೋಗ್ತ್ನಿಲ್ಲೆ" ಎಂದು ಪಕ್ಕದಲ್ಲೇ ಕೂತಳು. ಹೇಳುವುದೆಲ್ಲ ಮುಗಿದ ಮೇಲೂ, ಡಾಕ್ಟರ ಬಾಗಿಲು ಮುಟ್ಟುವವರೆಗೆ ಆ ಕೈ ಬಿಡಲಿಲ್ಲ.