ನಿಂಗ ನೆಟ್ಟಗೆ ಮಾಡಿದ ಟ್ಯಾಂಕು

ಶಿರಂಗಾಲದ ನಿಂಗನಿಗೆ ಸಿಮೆಂಟಿನ ಕೆಲಸ ಯಾರೂ ಕೂರಿಸಿ ಕಲಿಸಲಿಲ್ಲ. ಸೇತುವೆ ಕಟ್ಟುವ ಕಡೆ ಜಲ್ಲಿ ಹೊತ್ತು ಹೊತ್ತು ತಾನೇ ಕಲಿತ. ಮೇಸ್ತ್ರಿ ಅನ್ನಿಸಿಕೊಳ್ಳುವ ಹೊತ್ತಿಗೆ ವಯಸ್ಸು ಮೂವತ್ತೈದು ದಾಟಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿದ್ದಾಗ, ಹೆಂಡತಿ ಬೆಳ್ಳಿಯನ್ನೂ ಅವಳ ತಂಗಿ ಮುದ್ದಿಯನ್ನೂ ಕರೆದುಕೊಂಡು ಗೋಣಿಕೊಪ್ಪಲಿನ ಹತ್ತಿರ ನಾಣಯ್ಯನವರ ಕಾಫಿ ತೋಟಕ್ಕೆ ಬಂದ. ಕೂಲಿಯವರ ಲೈನಿನಲ್ಲಿ ಒಂದು ಕೋಣೆ ಕೊಟ್ಟರು. ಮಳೆಗೆ ಸೋರದ ಸೂರು ಅವರಿಗೆ ಸಿಕ್ಕಿದ್ದು ಅದೇ ಮೊದಲು.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ನೀರು ಬೇಕಿತ್ತು. ನಾಲ್ಕು ಕಂಬದ ಮೇಲೆ, ಇಪ್ಪತ್ತಡಿ ಎತ್ತರದಲ್ಲಿ ಒಂದು ಸಿಮೆಂಟ್ ಟ್ಯಾಂಕು ಎಂದು ಓವರ್‌ಸಿಯರ್ ಕುಟ್ಟಪ್ಪ ನಕ್ಷೆ ಬರೆದರು. ಗಟ್ಟಿ ನೆಲದಲ್ಲಿ ಕಟ್ಟಬೇಕಾದರೆ ಎರಡು ಸಾಲು ಗಿಡ ಕಡಿಯಬೇಕು. ಹೊಟ್ಟೆ ಉರಿದುಹೋಯಿತು ನಾಣಯ್ಯ ಎಂಬ ಆ ಪುಣ್ಯಾತ್ಮನಿಗೆ! ಜಾಗವನ್ನು ಹತ್ತು ಮಾರು ಆಚೆ ಸರಿಸಿದರು. ಅಲ್ಲಿ ಹಳೆಯ ಕಾಲದ ಕಡಂಗ, ಯುದ್ಧಕ್ಕೆಂದು ತೋಡಿದ ಕಂದಕ, ಮಣ್ಣು ತುಂಬಿ ಮುಚ್ಚಿಹೋಗಿತ್ತು. ನಿಂಗ ಹಾಕಿದ ಅಡಿಪಾಯದ ಹಾಸು ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ಆ ಪೊಳ್ಳು ಮಣ್ಣಿನ ಮೇಲೆ ಕೂತಿತು.

ಮೊದಲ ಸಲ ನೀರು ತುಂಬಿದ ದಿನವೇ ಟ್ಯಾಂಕು ಕಡಂಗದ ಕಡೆಗೆ ಒಂದು ಬೆರಳು ವಾಲಿತು. ನಿಂಗ ದಿನಾ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದ. ಹದಿನೈದು ದಿನಕ್ಕೆ ಎರಡಿಂಚು. ಓಡಿಹೋಗಿ ನಾಣಯ್ಯ, ಕುಟ್ಟಪ್ಪ ಇಬ್ಬರನ್ನೂ ಕರೆತಂದ.

“ಸಾವ್ಕಾರ್ರೆ, ವಾಲ್ದಷ್ಟೂ ನೀರಿನ ಭಾರ ಆ ಕಡೀಕೇ ಹೋಯ್ತದೆ. ಭಾರ ಹೋದಷ್ಟೂ ಇನ್ನೂ ವಾಲ್ತದೆ. ಈ ಕಡೆ ಹಾಸು ಆಗ್ಲೇ ನೆಲ ಬಿಟ್ಟದೆ, ಬೀಡಿ ಎಲೆ ತೂರ್ತದೆ ನೋಡಿ. ಮಣ್ಣು ಹೊರ್ತದೆ ಅಷ್ಟೇಯ. ಎದ್ದಿದ್ದನ್ನ ಹಿಡ್ಕೊಂಡು ಕೆಳಕ್ಕೆ ಎಳೆಯಕ್ಕಿಲ್ಲ.”

“ನನ್ನ ಲೆಕ್ಕದಲ್ಲಿ ನಿಲ್ತದೆ,” ಎಂದರು ಕುಟ್ಟಪ್ಪ.

ಅವರ ಲೆಕ್ಕ ನೆಟ್ಟಗೆ ನಿಂತ ಟ್ಯಾಂಕಿನದು. ವಾಲಿದ ಮೇಲೆ ವಾಲಿದ್ದಕ್ಕೇ ಬೇರೆ ಲೆಕ್ಕ ಹಾಕಬೇಕಲ್ಲ, ಅದನ್ನು ಯಾರು ಹಾಕಬೇಕು, ಅವರಜ್ಜನೇ?

“ಹಣ್ಣು ಕುಯ್ಯೋ ಕಾಲ ಬಂತು. ಗಿಲಾವು ಹೊಡ್ದು ನೆಟ್ಟಗೆ ಕಾಣೋ ಹಂಗೆ ಮಾಡು,” ಎಂದರು ನಾಣಯ್ಯ. “ಆಗಲ್ವಾ? ಇವತ್ತೇ ಲೈನ್ ಖಾಲಿ ಮಾಡು.”

ನಿಂಗ ಕರಣೆ ಕೈಗೆತ್ತಿಕೊಂಡ. ವಾಲಿದ ಕಡೆ ಬುಡಕ್ಕೆ ದಪ್ಪ, ಎದುರು ಕಡೆ ತಲೆಗೆ ದಪ್ಪ, ನಡುವೆ ನುಣ್ಣಗೆ ಸವರುತ್ತಾ ನಾಲ್ಕು ದಿನ ಗಿಲಾವು ಹೊಡೆದ. ಹಾಳಾದವನ ಕೈಯಲ್ಲಿ ಅಂಥ ಕಸುಬಿತ್ತು! ಐದನೆಯ ದಿನ ಅವನದೇ ತೂಗುಗುಂಡು ಗಿಲಾವಿನ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದೆ ನಿಂತಿತು.

ಮಾರನೆಯ ಬೆಳಿಗ್ಗೆ ಆಳುಗಳ ಹಾಜರಿ ಹೊತ್ತಿಗೆ ನಾಣಯ್ಯ, ಟ್ಯಾಂಕಿನ ಬುಡದ ತೊಟ್ಟಿಯಲ್ಲಿ ಕಾಫಿ ಬೀಜ ತೊಳೆಯಲು ಬೆಳ್ಳಿಯನ್ನೇ ಕರೆದರು. “ಮೇಸ್ತ್ರಿ ಹೆಂಡ್ತಿನೇ ನಿಂತ್ರೆ ಉಳಿದವ್ರಿಗೂ ಧೈರ್ಯ.”

ನಿಂಗ ಅವಳಿಗೆ ಅಡ್ಡ ಬಂದ. “ಬ್ಯಾಡ! ಅದು ಬೀಳ್ತದೆ! ನೆಟ್ಟಗಿರೋದು ಗಿಲಾವು, ಟ್ಯಾಂಕಲ್ಲ!” ಎಂದು ಎಲ್ಲರೆದುರು ಕೂಗಿಕೊಂಡ.

ಕುಟ್ಟಪ್ಪ ತೂಗುಗುಂಡು ಇಳಿಬಿಟ್ಟು ತೋರಿಸಿದರು. ಗುಂಡು ನೆಟ್ಟಗೇ ನಿಂತಿತು. ಆಳುಗಳು ಗೊಳ್ಳೆಂದು ನಕ್ಕರು. ಬೆಳ್ಳಿಯ ಮುಖ ಕೆಂಪಾಯಿತು.

“ನಿನ್ ಕೈಯ್ಯಾರ ನೆಟ್ಟಗೆ ಮಾಡಿದ್ದನ್ನ ನಾನೇ ನೋಡಿವ್ನಿ. ನಾಕು ಜನದ ಮುಂದೆ ಮಾನ ಕಳೀಬ್ಯಾಡ, ಸುಮ್ಕಿರು,” ಎಂದು ಸೆರಗು ಸಿಕ್ಕಿಸಿ ತೊಟ್ಟಿಗಿಳಿದಳು.

“ಕರ್ಕೊಂಡು ಹೋಗು ಬೇಕಾದ್ರೆ. ಪಾತ್ರೆ ಪಗಡೆನೂ ಹೊತ್ಕೊಂಡು ಹೋಗು,” ಎಂದರು ನಾಣಯ್ಯ.

ಕೈ ಹಿಡಿದು ಎಳೆದುಕೊಂಡು ಹೊರಟಿದ್ದರೆ ಮುಗಿಯುತ್ತಿತ್ತು. ಅಯ್ಯೋ, ಹೊರಡಲಿಲ್ಲ ಅವನು! ಕೋಣೆ ಕಣ್ಣ ಮುಂದೆ ಬಂತು. ಇವತ್ತು ಬೀಳಲಿಕ್ಕಿಲ್ಲ, ನಾಳೆ ನೋಡೋಣ ಅಂದುಕೊಂಡ. ಹಾಗೆ ಅಂದುಕೊಂಡೇ ಒಂಬತ್ತು ದಿನ ಕಳೆದ.

ಹತ್ತನೆಯ ದಿನ ಹಾಡಹಗಲಲ್ಲೇ, ನೀರು ತುಂಬಿದ ಟ್ಯಾಂಕು ಬುಡಸಮೇತ ಕಡಂಗದ ಕಡೆಗೆ, ತೊಟ್ಟಿಯ ಮೇಲೇ ಮಗುಚಿತು. ಸಿಮೆಂಟಿನ ತುಂಡು ಎತ್ತಿ ಎತ್ತಿ ನಿಂಗನ ಉಗುರು ಕಿತ್ತುಬಂದವು. ಬೆಳ್ಳಿ ಸಿಕ್ಕಾಗ ಗುರುತು ಹಿಡಿಯಲು ಉಳಿದಿದ್ದು ಕಾಲಂದಿಗೆ ಮಾತ್ರ.

ತನ್ನ ಕಳಪೆ ಕೆಲಸ ಮುಚ್ಚಿಡಲು ಮೇಸ್ತ್ರಿಯೇ ಗಿಲಾವು ಬಳಿದ ಎಂದು ನಾಣಯ್ಯ ದೂರು ಕೊಟ್ಟರು. ಗೊತ್ತಿದ್ದೂ ಮಾಡಿದ ಎನ್ನಲು ಸಾಕ್ಷಿ ಬೇಕಲ್ಲ? ಇಡೀ ಲೈನೇ ಇತ್ತು. ಮಡಿಕೇರಿಯ ಕೋರ್ಟಿನಲ್ಲಿ ಒಬ್ಬೊಬ್ಬರೇ ನಿಂತು, ಬೀಳ್ತದೆ ಅಂತ ಅವನೇ ಕೂಗಿದ್ದ ಸ್ವಾಮಿ, ನಾವೇ ನಕ್ಕಿದ್ದೆವು ಎಂದರು. ಒಬ್ಬರೂ ಸುಳ್ಳು ಹೇಳಲಿಲ್ಲ.

ಕೊನೆಗೆ ಮುದ್ದಿ ಬಂದಳು. ನಿಂಗನ ಕಡೆ ತಿರುಗಿಯೂ ನೋಡದೆ, “ಭಾವಂಗೆ ಗೊತ್ತಿತ್ತು,” ಎಂದಳು.

ಇದಕ್ಕೆ ಏನು ಹೇಳುತ್ತೀಯ ಎಂದು ನ್ಯಾಯಾಧೀಶರು ಕೇಳಿದರು. ನಾಣಯ್ಯ ಹೆದರಿಸಿದ್ದು, ಕುಟ್ಟಪ್ಪ ತೂಗುಗುಂಡು ತೋರಿಸಿದ್ದು, ಎಲ್ಲ ಹೇಳು ಎಂದು ಅವನ ವಕೀಲರು ಕಣ್ಣುಸನ್ನೆ ಮಾಡಿದರು.

“ಗೊತ್ತಿತ್ತು ಸ್ವಾಮಿ,” ಎಂದ ನಿಂಗ. “ಹತ್ತು ದಿನಾನೂ ಗೊತ್ತಿದ್ದೇ ಕಳಿಸ್ದೆ.”