ಬಿನ್ನವತ್ತಳೆ ಮಾವನಿಗೆ ಸಿಗದ ಪದ

ಕೊಚ್ಚಿ ಪಕ್ಕದ ಆಲುವದಲ್ಲಿ, ಪಟಗಳಿಗೆ ಚೌಕಟ್ಟು ಹಾಕುವ ಅಂಗಡಿಯ ಹೊಸಿಲು ದಾಟಿದ್ದೇ ತಡ, ಹಸಿ ವಾರ್ನಿಶಿನ ವಾಸನೆ ಮೂಗಿಗೆ ಬಡಿಯಿತು. ನಾನು ಬ್ಯಾಂಕಿನಿಂದ ನಿವೃತ್ತಳಾದಾಗ ಕೊಟ್ಟಿದ್ದ ಸನ್ಮಾನಪತ್ರದ ಗಾಜು ಒಡೆದಿತ್ತು. ಅದನ್ನು ಬದಲಿಸಲು ಹೋದವಳಿಗೆ ಬಿನ್ನವತ್ತಳೆ ಮಾವ ನೆನಪಾದರು... ಬಿನ್ನವತ್ತಳೆಗಳ ಚೌಕಟ್ಟು ಒಣಗಲಿಡುತ್ತಿದ್ದ ಅವರ ಮನೆಯ ಜಗಲಿಯಲ್ಲೂ ಸದಾ ಇದೇ ವಾಸನೆ.

ಅವರು ಕಾಸರಗೋಡಿನ ಕಡೆಯವರು, ನಾವು ಮೈಸೂರಿನವರು. ಅರವತ್ತರ ದಶಕದಲ್ಲಿ ಅವರೂ ನನ್ನ ತಂದೆಯೂ ತಿರುವನಂತಪುರದ ಒಂದೇ ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದರು. ಅಲ್ಲಿಯ ಕನ್ನಡಿಗರಲ್ಲಿ ಯಾರಿಗೆ ವರ್ಗವಾದರೂ, ಯಾರು ನಿವೃತ್ತರಾದರೂ ಕನ್ನಡ ಕೂಟದವರು ಹಾರ ಹಾಕಿ, ಹೊಗಳಿಕೆಯ ಬಿನ್ನವತ್ತಳೆ ಓದಿ, ಗಾಜು ಹಾಕಿಸಿ ಕೈಗಿಡುವುದು ರೂಢಿ. ಬರೆಯುವವರು ಮಾತ್ರ ಇವರೊಬ್ಬರೇ. ಅದಕ್ಕೇ ಆ ಅಡ್ಡಹೆಸರು. ಕಾಲೇಜಿಗೆ ಹೋಗುತ್ತಿದ್ದ ನನ್ನ ಅಕ್ಷರ ದುಂಡಗಿದ್ದುದರಿಂದ, ಅವರು ಹೇಳಿದ್ದನ್ನು ದಪ್ಪ ಕಾಗದದ ಮೇಲೆ ಶಾಯಿಯಲ್ಲಿ ಇಳಿಸುವುದು ನನ್ನ ಪಾಲಿಗೆ ಬಂದಿತ್ತು.

ಬೆಂಡೆಕಾಯಿಯ ತುದಿ ಮುರಿದು ನೋಡುವವರ ಹಾಗೆ ಅವರು ಒಂದೊಂದು ವಿಶೇಷಣವನ್ನೂ ಪರೀಕ್ಷಿಸಿ ಆರಿಸುತ್ತಿದ್ದರು. 'ಮಾನ್ಯ' ಎಂದರೆ ಮನಸ್ಸಿನಲ್ಲಿಟ್ಟುಕೊಳ್ಳಲು ತಕ್ಕವನು. "ಕಂಡಕಂಡವರಿಗೆ ಹಚ್ಚಲಿಕ್ಕೆ ಅದೆಂತ ಗಂಧವಾ?" ಎಂದು ನನ್ನನ್ನೇ ಗದರುತ್ತಿದ್ದರು.

ಆಮೇಲೆ ಅವರ ಮೇಲಧಿಕಾರಿಗೆ ವರ್ಗವಾಯಿತು. ಆತನೂ ಕನ್ನಡದವನೇ, ಕೂಟದ ಅಧ್ಯಕ್ಷ ಬೇರೆ. ಮಾವನ ಬಡ್ತಿಯನ್ನು ಬೇಕೆಂದೇ ತಪ್ಪಿಸಿದವನು. ಅಂಥವನಿಗೂ ಬರೆಯಲೇಬೇಕು, ರೂಢಿಯಲ್ಲವೇ? ಆ ಸಂಜೆ ಮಾವ ಜಗಲಿಯಲ್ಲಿ ಕೂತು ಒಂದು ಥರ ಖುಷಿಯಲ್ಲೇ ಹೇಳಿಸಿದರು.

"ಬರಿ ಮಗಳೇ, ಘನ ವ್ಯಕ್ತಿತ್ವದ, ಗೌರವಾನ್ವಿತ, ಉನ್ನತ... ಘನ ಅಂದ್ರೆ ಹೊಡೆದು ಹೊಡೆದು ಗಟ್ಟಿಯಾದದ್ದು. ಗೌರವ ಅಂದ್ರೆ ಮೂಲದಲ್ಲಿ ಭಾರ. ಉನ್ನತ ಅಂದ್ರೆ ಎತ್ತರ. ಇದೆಲ್ಲ ಬಂಡೆಕಲ್ಲಿಗೂ ಉಂಟಲ್ಲ?"

ಇಡೀ ಹಾಳೆಯಲ್ಲಿ ಎದೆಗೆ ಸಂಬಂಧಪಟ್ಟ ಒಂದು ಪದವೂ ಇರಲಿಲ್ಲ. ಆ ಮನುಷ್ಯ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನಗೆ ನಗು ತಡೆಯುವುದೇ ಕಷ್ಟವಾಯಿತು.

"ನಿಮಗೆ ಯಾವ ಪದ ಬೇಕು ಮಾವ?" ಎಂದು ಆ ದಿನ ಕೇಳಿದ್ದೆ. ಅವರು ಶಾಯಿ ಕುಡಿಕೆಯ ಮುಚ್ಚಳ ಹಾಕಿದರು.

"ನೆಚ್ಚಿನ... ಅಚ್ಚಕನ್ನಡದ್ದು. ನೆಚ್ಚುವುದು ಅಂದ್ರೆ ನಂಬುವುದು. ಅದನ್ನು ನಾನು ಇಷ್ಟರವರೆಗೆ ಯಾರಿಗೂ ಬರೀಲಿಲ್ಲ. ನನಗೆ ಯಾರಾದ್ರೂ ಬರೆದ್ರೆ ಅದೊಂದು ಸಾಕು."

ಎಪ್ಪತ್ತರ ದಶಕದಲ್ಲಿ ಅವರಿಗೆ ಕೊಚ್ಚಿಗೆ ವರ್ಗವಾಯಿತು. ನನಗೂ ಅಲ್ಲೇ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಅವರು ನಿವೃತ್ತರಾಗುವ ಹೊತ್ತಿಗೆ ಅಲ್ಲಿಯ ಕೂಟದ ಕಾರ್ಯದರ್ಶಿಯಾಗಿದ್ದವರು ತಿರುವನಂತಪುರದಿಂದಲೇ ಬಂದವರು. ಬಿನ್ನವತ್ತಳೆ ನಾನು ಬರೆಯುತ್ತೇನೆಂದು ಅವರ ಬಳಿ ಹೋದೆ.

"ನಿಮಗ್ಯಾಕಮ್ಮ ತೊಂದ್ರೆ? ಅದನ್ನ ನಾವು ಗಂಡಸ್ರು ನೋಡ್ಕೋತೀವಿ. ನೀವು ಪ್ರಾರ್ಥನೆ ಹಾಡಿ, ಸಾಕು" ಎಂದರು.

ಹಾಡಿದೆ. ಹಾಡಿ ಕೆಳಗಿಳಿದು ಕೂತೆ. ಮಾವ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಮಲ್ಲಿಗೆ ಹಾರ ಹಾಕಿಕೊಂಡು, ಕಿವಿಯೆಲ್ಲ ಆ ಕಡೆಗೇ ಇಟ್ಟು ಕೂತಿದ್ದರು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಓದಿದರು. "ಘನ ವ್ಯಕ್ತಿತ್ವದ, ಗೌರವಾನ್ವಿತ, ಉನ್ನತ..."

ಮುಂದಿನ ಪದ ನನಗೆ ಬಾಯಿಪಾಠವಿತ್ತು. ಆ ಮೇಲಧಿಕಾರಿಗೆ ಬರೆದದ್ದೇ. ಅಷ್ಟು ಚೆನ್ನಾದದ್ದು ಇನ್ನೊಂದಿಲ್ಲವೆಂದು ಕಾರ್ಯದರ್ಶಿ ಅಂದೇ ನಕಲು ಮಾಡಿಟ್ಟುಕೊಂಡಿದ್ದರಂತೆ. ಈಗ ಹೆಸರು ಮಾತ್ರ ಬದಲಿಸಿದ್ದರು. ಜೀವಮಾನವೆಲ್ಲ ಊರಿಗೆಲ್ಲ ಬರೆದವರಿಗಾಗಿ ಒಂದು ಹೊಸ ಸಾಲು ಬರೆಯುವ ಪುರುಸೊತ್ತು ಒಬ್ಬನಿಗೂ ಇರಲಿಲ್ಲ. ಮಾವ ತಲೆ ಬಗ್ಗಿಸಿದರು. ವಿನಯವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹೊರಗೆ ಬಂದು ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಕ್ಕರು. "ಮಾಡಿದ್ದುಣ್ಣೋ ಮಾರಾಯ ಅಂತ ಹೇಳ್ತಾರಲ್ಲ ಮಗಳೇ, ಹಾಗಾಯ್ತು." ಕಣ್ಣು ಮಾತ್ರ ನಗಲಿಲ್ಲ.

ಎರಡು ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು. ಆಮೇಲೆ ಮನೆಯವರನ್ನು ಕಂಡುಬರಲು ಹೋದಾಗ ಗೋಡೆಯ ಮೇಲೆ ಅದೇ ಚೌಕಟ್ಟಿನೊಳಗೆ ಅವರ ಫೋಟೋ ಇತ್ತು. ಕನ್ನಡ ಓದಲು ಬಾರದ ಮಗ ಮಲಯಾಳಂನಲ್ಲೇ ವಿವರಿಸಿದ: ಒಳಗಿದ್ದ ಕಾಗದವನ್ನು ಎಸೆದಿಲ್ಲ, ಫೋಟೋ ಅಲ್ಲಾಡದ ಹಾಗೆ ಹಿಂದೆ ಒತ್ತು ಕೊಟ್ಟಿದ್ದೇನೆ... ಸತ್ತ ಮೇಲೂ ಆ ಬಂಡೆಕಲ್ಲು ಅವರ ಬೆನ್ನಿಗೇ ಇತ್ತು.

ಅಂಗಡಿಯವನು ಹೊಸ ಗಾಜು ಒರೆಸಿ ನನ್ನ ಸನ್ಮಾನಪತ್ರವನ್ನು ಮುಂದೆ ಹಿಡಿದ. ಇಂಗ್ಲಿಷಿನಲ್ಲಿ ಅಚ್ಚಾದ ಹೊಗಳಿಕೆ. ಅದನ್ನೂ ಯಾರೋ ಇನ್ನಾರಿಗೋ ಬರೆದದ್ದೇ ಇರಬೇಕು. ಮನೆಗೆ ತಂದವಳು ಗೋಡೆಗೆ ಹಾಕಲಿಲ್ಲ. ಒಂದು ದಪ್ಪ ಕಾಗದ ತೆಗೆದು, ಆದಷ್ಟು ದುಂಡಗೆ ಬರೆದೆ: 'ನಮ್ಮ ನೆಚ್ಚಿನ ಮಾವನವರಿಗೆ.'

ಮುಂದಕ್ಕೆ ಬರೆಯಲಾಗಲಿಲ್ಲ. ಓದಿಸಿಕೊಳ್ಳಬೇಕಾದವರೇ ಇಲ್ಲ.