ಮಂಡಕ್ಕಿಯ ಪಥ್ಯ

ಕೆಲವು ತಿಂಗಳ ಹಿಂದೆ ನನ್ನ ಮನೆಯಲ್ಲಿ ಬೆಳಿಗ್ಗೆ ಎರಡು ಜೀವಗಳು ಮಾತ್ರೆ ನುಂಗುತ್ತಿದ್ದವು. ರಕ್ತದೊತ್ತಡಕ್ಕೆ ನಾನು, ತುರಿಕೆಗೆ ಮಂಡಕ್ಕಿ. ಮಂಡಕ್ಕಿ ನನ್ನ ನಾಯಿ. ಬಿಳಿ ಮೈಮೇಲೆ ಒಗ್ಗರಣೆ ಸಿಡಿದಂತೆ ಅಲ್ಲಲ್ಲಿ ಕಂದು ಚುಕ್ಕೆಗಳಿರುವುದರಿಂದ ಆ ಹೆಸರು. ಇಬ್ಬರ ಮಾತ್ರೆಯೂ ಬಿಳಿ, ಇಬ್ಬರದೂ ಗುಂಡಗೆ. ಒಂದು ದಿನ ಕನ್ನಡಕವಿಲ್ಲದೆ ಅವಳದನ್ನು ನಾನೇ ಬಾಯಿಗೆ ಹಾಕಿಕೊಂಡು, ಕಹಿಗೆ ಮುಖ ಕಿವುಚಿ ಉಗುಳಿದೆ. ಅಂದಿನಿಂದ ನನ್ನವು ಅಡುಗೆಮನೆಯ ಗೂಡಿನಲ್ಲಿ, ಅವಳವು ಅಲ್ಮೇರಾದ ಮೇಲಿನ ಸ್ಟೀಲ್ ಡಬ್ಬಿಯಲ್ಲಿ ಇರುತ್ತಿದ್ದವು. ನನ್ನದು ಅವಳ ಹೊಟ್ಟೆಗೆ ಹೋಗಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ನನ್ನ ಒತ್ತಡ ಏರುತ್ತದೆ.

ನಾನು ಹಂಪಿಯಲ್ಲಿ ಗೈಡು. ಕಮಲಾಪುರದ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ದಿನವಿಡೀ ಗಂಟಲು ಹರಿಯುವಂತೆ ಮಾತಾಡುವುದು ನನ್ನ ಕಸುಬು. ಯಾರು ಕಟ್ಟಿಸಿದರು, ಯಾರು ಕೆಡವಿದರು ಎಂಬುದನ್ನು ಮೂರು ಭಾಷೆಯಲ್ಲಿ ಹೇಳಬಲ್ಲೆ. ಮದುವೆ ಎಂಬುದು ಮಾತ್ರ ನಾನು ಬೇರೆಯವರಿಗೆ ತೋರಿಸುವ ಕಲ್ಯಾಣಮಂಟಪದಲ್ಲೇ ಉಳಿದುಹೋಯಿತು. ಸಂಜೆ ಮನೆಗೆ ಬಂದರೆ ಆಡಲು ಒಂದೇ ಮಾತು: "ಬಂದೆ." ಅದನ್ನು ಕೇಳಲು ಮಂಡಕ್ಕಿ ಇದ್ದಾಳೆ. ಇಂಥ ಶ್ರೋತೃವಿಗೆ ನಾನು ಎರಡು ಹಾಲಿನ ಬಿಸ್ಕತ್ತು ಸಂಭಾವನೆ ಕೊಡುತ್ತಿದ್ದೆ.

ನಾಯಿಗೆ ನಮ್ಮ ಸೀಮೆಯಲ್ಲಿ ಸ್ಥಾನಮಾನ ಹಳೆಯದು. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಬೇಟೆಯ ನಾಯಿಗಳು ಇಂದಿಗೂ ಓಡುತ್ತಿವೆ. ಮೈಲಾರಲಿಂಗನ ಗೊರವರು ಕರಿ ಕಂಬಳಿ ಹೊದ್ದು, ದೋಣಿ ಎಂಬ ಮರದ ಬಟ್ಟಲಿನೊಳಗಿನ ಪ್ರಸಾದವನ್ನು ನಾಯಿಯಂತೆ ಬೊಗಳುತ್ತ ತಿನ್ನುವಾಗ ಹಿರಿಯರು ಕೈಮುಗಿಯುತ್ತಾರೆ. ದೇವರ ಮುಂದೆ ನಾಯಿಯಾಗುವುದು ಸಣ್ಣ ಭಕ್ತಿಯಲ್ಲ. ಆದರೆ ನಾನು ಎಷ್ಟು ಹುಡುಕಿದರೂ ಇಡೀ ಹಂಪಿಯ ಕಲ್ಲುಗಳಲ್ಲಿ ಮೈ ಕೆರೆದುಕೊಳ್ಳುವ ನಾಯಿ ಒಂದೂ ಸಿಗಲಿಲ್ಲ. ಆ ಕೊರತೆಯನ್ನು ಮಂಡಕ್ಕಿ ನನ್ನ ಮನೆಯಲ್ಲಿ ತುಂಬಿಸಿದಳು.

ಮೊದಲು ಪಾದ ನೆಕ್ಕಿಕೊಂಡಳು, ಆಮೇಲೆ ಕಿವಿ ಕೆರೆದಳು, ಕೊನೆಗೆ ಹೊಟ್ಟೆಯ ಕೂದಲು ಉದುರಿ ಚರ್ಮ ಕೆಂಪಾಯಿತು. ಬೀದಿಯವರೆಲ್ಲ ವೈದ್ಯರಾದರು. ಬೇವಿನೆಣ್ಣೆ ಎಂದರು, ಅರಿಶಿನ ಎಂದರು, ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಜೊತೆಯ ಗೈಡೊಬ್ಬ ತನ್ನ ಜೇಬಿನ ನೆಗಡಿ ಮಾತ್ರೆಯನ್ನೇ ಅರ್ಧ ಮುರಿದು ಕೊಟ್ಟ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಮಂಡಕ್ಕಿಯನ್ನು ಆಟೋದಲ್ಲಿ ಹೊಸಪೇಟೆಯ ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರಮ್ಮ ಆ ಅರ್ಧ ಮಾತ್ರೆ ನೋಡಿ ಕಸದ ಬುಟ್ಟಿಗೆ ಎಸೆದರು.

"ಮನುಷ್ಯಾರ ಗುಳಿಗಿ ನನ್ನ ಕೇಳದ ಕೊಡಬ್ಯಾಡ್ರಿ. ನೆಗಡಿ ಗುಳಿಗ್ಯಾಗ ಕೆಲವು, ನಾಯಿ ಜೀವಾನ ತೆಗಿತಾವು. ನಾ ಕೊಡೋ ಗುಳಿಗಿ ಊಟದ ಜೊತಿಗೆ ಹಾಕ್ರಿ. ತುರಿಕಿ ನಿಂತ್ತಂತ ಒಮ್ಮಿಗ್ಲೇ ಬಿಡಬ್ಯಾಡ್ರಿ, ನಾ ಹೇಳಿದಂಗ ಕಡಿಮಿ ಮಾಡಕೋತ ಬರ್ರಿ."

ಜೊತೆಗೆ ಒಂದು ಚೀಲ ಪಥ್ಯದ ಆಹಾರ ಕೊಟ್ಟರು. ಎರಡು ತಿಂಗಳು ಅದು, ನೀರು, ಬೇರೇನೂ ಇಲ್ಲ; ನನ್ನ ಬಿಸ್ಕತ್ತೂ ಇಲ್ಲ. ಯಾವ ತಿನಿಸು ಒಗ್ಗುವುದಿಲ್ಲ ಎಂಬುದು ಹೀಗೆ ತಿಳಿಯಬೇಕಂತೆ. "ಅದು ಗೊತ್ತಾಗಲಿಲ್ಲಂದ್ರ ಗುಳಿಗಿ ಮ್ಯಾಲೇ ಬದುಕಬೇಕಾಕ್ಕೈತ್ರಿ. ಈ ಗುಳಿಗಿ ವರ್ಷಗಟ್ಲೆ ತಿಂದ್ರ ಒಳಗಿಂದೊಳಗ ಹಾಳು ಮಾಡ್ತೈತಿ" ಎಂದರು. ನನಗೆ ಹೆದರಿಕೆಯಾಯಿತು. ನನಗೆ ಇರುವುದು ಒಂದೇ ನಾಯಿ ಎಂಬುದಕ್ಕಿಂತ, ಇರುವುದೇ ಅದೊಂದು ಎಂಬುದು ಸರಿ.

ಪಥ್ಯ ಹೇಳುವುದು ಸುಲಭ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಎದ್ದರೆ, ಹಂಚಿನಿಂದ ಇಳಿದ ಮೊದಲ ರೊಟ್ಟಿ ನಾಯಿಗೆ. ಅದನ್ನು ಹಾಕದೆ ಮನೆಮಂದಿಗೆ ಬಡಿಸುವವರಿಲ್ಲ. ನಾನು ಮನೆ ಮನೆಗೆ ಹೋಗಿ ಹಾಕಬೇಡಿ ಎಂದು ಕೈಮುಗಿದೆ. ಎಲ್ಲರೂ ಒಪ್ಪಿದರು. ಆದರೂ ತುರಿಕೆ ತಗ್ಗಲಿಲ್ಲ. ಕೆಲಸಕ್ಕೆ ರಜೆ ಹಾಕಿ ಮಹಡಿಯ ಕಿಟಕಿಯಲ್ಲಿ ಕುಳಿತು ನೋಡಿದೆ. ಪ್ರತಿ ಬಾಗಿಲಿನಿಂದ ಒಂದು ಕೈ ಹೊರಬಂದು, ರೊಟ್ಟಿಯದೋ ಬಿಸ್ಕತ್ತಿನದೋ ಒಂದು ತುಣುಕು ಹಾಕಿ, ಒಳಗೆ ಹೋಗುತ್ತಿತ್ತು. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಉಳದಾರು ಯಾರೂ ಹಾಕಂಗಿಲ್ಲಲ್ರಿ ಗೈಡ್ ಸಾರ್. ನಾನೊಬ್ಬಾಕಿ ಒಂದ್ ತುತ್ತು ಹಾಕಿದ್ರ ಏನಾಕ್ಕೈತಿ?"

ಅಂದಿನಿಂದ ಮಹಡಿಯ ಕಬ್ಬಿಣದ ಬಾಗಿಲಿಗೆ ಚಿಲಕ ಹಾಕಿದೆ. ಮಂಡಕ್ಕಿ ಸರಳುಗಳ ನಡುವೆ ಮೂತಿ ಇಟ್ಟು ಬೀದಿ ನೋಡುತ್ತ ಮಲಗುವಳು. ಆಗ ನನಗೊಂದು ಸಂಗತಿ ಗೊತ್ತಾಯಿತು. "ಊಟ ಆತೇನ್ರಿ ಸಾರ್" ಎಂದು ದಿನಾ ಕೇಳುತ್ತಿದ್ದವರು ಕೇಳುವುದನ್ನು ಬಿಟ್ಟರು. ಅವರಿಗೆ ಕೋಪವೇನಿರಲಿಲ್ಲ. ಅವರು ಬಗ್ಗಿ ಅವಳ ತಲೆ ಸವರಿ, ಮೇಲೇಳುವಾಗ ನನ್ನ ಮುಖ ಕಂಡು ಕೇಳುತ್ತಿದ್ದ ಮಾತು ಅದು. ಇಷ್ಟು ವರ್ಷ ಈ ಬೀದಿಗೆ ನನ್ನ ಪರಿಚಯ ಮಾಡಿಸುತ್ತಿದ್ದ ಗೈಡು ಮಂಡಕ್ಕಿ. ಅವಳಿಗೆ ಪಥ್ಯವಾದರೆ ನನಗೆ ಉಪವಾಸ. ಆ ದಿನಗಳಲ್ಲಿ ನಾನು ಬಹಳ ಒಂಟಿಯಾಗಿದ್ದೆ.

ಒಂದು ಬೆಳಿಗ್ಗೆ ಕೆಳಗಿನ ಮನೆಯ ಒಡತಿ ನೀಲಮ್ಮ ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದರು. ತಟ್ಟೆಯಲ್ಲಿ ಹೊಗೆಯಾಡುವ ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿಪುಡಿ.

"ನಾಯಿಗಿ ಹಾಕಬ್ಯಾಡ ಅಂದಿ. ಮೊದಲ್ನೇ ರೊಟ್ಟಿ ನಾವು ಉಣ್ಣಂಗಿಲ್ಲ. ತಗೋ ತಮ್ಮಾ, ನೀ ಉಣ್ಣು."

ಮಾನ ಇರುವವನು ಬೇಡ ಎನ್ನಬೇಕಿತ್ತು. ನಾನು ತಟ್ಟೆ ಹಿಡಿದುಕೊಂಡೆ. ಇನ್ನೊಬ್ಬರು ನನಗೆಂದು ತಂದ ಬಿಸಿ ರೊಟ್ಟಿ ಉಂಡು ಎಷ್ಟು ಕಾಲವಾಗಿತ್ತೋ, ತಟ್ಟೆಗೆ ಅಂಟಿದ ಚಟ್ನಿಪುಡಿಯನ್ನೂ ಬೆರಳಲ್ಲಿ ಬಳಿದು ತಿಂದೆ. ನೀಲಮ್ಮ ತಟ್ಟೆಗಾಗಿ ಕಾಯುತ್ತ ಮೆಟ್ಟಿಲ ಮೇಲೆ ಕುಳಿತು, ಈ ಸಲದ ಜೋಳಕ್ಕೆ ಜಿಗಿಯೇ ಇಲ್ಲ ಎಂದು ಬೈದುಕೊಂಡರು. ಮರುದಿನವೂ ಬಂದರು. ಹೀಗೆ ನಾಯಿಯ ಪಾಲು ನನ್ನ ಪಾಲಾಯಿತು. ಜೋಳದ ಜಿಗಿಯ ಬಗ್ಗೆ ನನ್ನ ಜ್ಞಾನ ದಿನೇ ದಿನೇ ಬೆಳೆಯಿತು.

ಎರಡು ತಿಂಗಳಿಗೆ ಮಂಡಕ್ಕಿಯ ಹೊಟ್ಟೆಯ ಮೇಲೆ ಹೊಸ ಕೂದಲು ಬಂತು. ಮಾತ್ರೆಯೂ ಕಾಲು ಭಾಗಕ್ಕಿಳಿದು, ಒಂದು ದಿನ ನಿಂತೇಹೋಯಿತು. ಇನ್ನು ಹಳೆಯ ತಿನಿಸುಗಳನ್ನು ಒಂದೊಂದಾಗಿ ಕೊಟ್ಟು ನೋಡಿ ಎಂದರು ಡಾಕ್ಟರಮ್ಮ. ಮೊದಲಿಗೆ ನನ್ನ ಹಾಲಿನ ಬಿಸ್ಕತ್ತು. ಎರಡೇ ದಿನಕ್ಕೆ ಕಿವಿ ಕೆಂಪಾಯಿತು. ಇಡೀ ಬೀದಿಯ ಮೇಲೆ ಪಹರೆ ಕೂತಿದ್ದ ನನಗೆ ಕಳ್ಳ ಸಿಕ್ಕಿದ್ದು ನನ್ನ ಕೈಯಲ್ಲೇ. ಅದನ್ನು ನಿಲ್ಲಿಸಿ, ಕಿವಿ ಸರಿಹೋದ ಮೇಲೆ ಉಳಿದದ್ದು ರೊಟ್ಟಿ.

ನಿಮ್ಮ ಹತ್ತಿರ ಮುಚ್ಚಿಡುವುದೇನು. ರೊಟ್ಟಿ ಅವಳಿಗೆ ಒಗ್ಗದಿರಲಿ ಎಂದು ನಾನು ಒಳಗೊಳಗೇ ಹಾರೈಸಿದೆ. ದಿನಾ ನನ್ನ ತಟ್ಟೆಯಿಂದ ಅವಳಿಗೆ ಬರಿಯ ರೊಟ್ಟಿ ಮುರಿದು ಕೊಟ್ಟು, ಕಿವಿ ಮಡಚಿ ನೋಡುತ್ತಿದ್ದೆ. ಅವಳು ಒಮ್ಮೆಯೂ ಕೆರೆದುಕೊಳ್ಳಲಿಲ್ಲ. ತನ್ನ ನಾಯಿ ಗುಣವಾದದ್ದನ್ನು ನನ್ನಷ್ಟು ಪೆಚ್ಚುಮೋರೆಯಿಂದ ನೋಡಿದವರು ಕಮಲಾಪುರದಲ್ಲಿ ಇನ್ನೊಬ್ಬರಿರಲಾರರು. ಸುಳ್ಳು ಹೇಳಿಬಿಡಲೇ ಎಂದೂ ಅನ್ನಿಸಿತು. ಆದರೆ ಸರಳುಗಳ ನಡುವಿನ ಆ ಮೂತಿ ಕಂಡು ನೀಲಮ್ಮನಿಗೆ ನಿಜ ಹೇಳಿದೆ.

"ಚಲೋ ಆತು ಬಿಡು. ನನ್ನ ಮೊಣಕಾಲಿಗೂ ಆರಾಮಾತು" ಎಂದರು.

ಮರುದಿನ ಬೆಳಿಗ್ಗೆ ಚಿಲಕ ತೆಗೆದೆ. ಮಂಡಕ್ಕಿ ಹಿಂತಿರುಗಿಯೂ ನೋಡದೆ ಮೆಟ್ಟಿಲಿಳಿದಳು. ನಾನು ಚಹಾ ಹಿಡಿದು ಕುಳಿತೆ. ಕೆಳಗೆ ರೊಟ್ಟಿ ಬಡಿಯುವ ಸದ್ದು, ನಡುನಡುವೆ ನೀಲಮ್ಮ ಅವಳನ್ನು ಮಾತಾಡಿಸುವ ದನಿ. ಯಾರೂ ಮೇಲೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಚಹಾ ಆರಿತು. ಆಗ ಹೊಳೆಯಿತು, ಮಂಡಕ್ಕಿ ಯಾವತ್ತೂ ಯಾರಾದರೂ ಕರೆಯಲಿ ಎಂದು ಕಾದವಳಲ್ಲ. ಹೋಗಿ ಬಾಗಿಲಲ್ಲಿ ಕೂರುತ್ತಾಳೆ, ಅಷ್ಟೇ. ಐವತ್ತು ದಾಟಿದರೂ ನನಗೆ ಈ ವಿದ್ಯೆ ಬಂದಿರಲಿಲ್ಲ.

ಮೆಲ್ಲಗೆ ಇಳಿದೆ. ನೀಲಮ್ಮ ಒಲೆಯ ಮುಂದಿನಿಂದ ತಲೆ ಎತ್ತಿ ನೋಡಿದರು.

"ನೀನೂ ಬಂದ್ಯಾ? ಕುಂದ್ರು. ಎರಡ್ನೇದು ಹಂಚಿನ ಮ್ಯಾಲೈತಿ."

ಮಂಡಕ್ಕಿ ಬಾಗಿಲ ಮೆಟ್ಟಿಲಲ್ಲಿ ಸ್ವಲ್ಪ ಸರಿದು ನನಗೆ ಜಾಗ ಕೊಟ್ಟಳು.